ಕೋಳಿವೇಷ

ಗಾಜಿನಾಚೆ ಕೋಳಿ ಕೈಬೀಸುತ್ತಿದೆ, ಬಿಳಿ ರೆಕ್ಕೆ ಮೇಲೆ ಹೋಗಿ ಕೆಳಗೆ ಬರುತ್ತದೆ, ಕೆಂಪು ಜುಟ್ಟು ಒಂದು ಕಡೆ ವಾಲಿದೆ, ನಾನು ಹತ್ತಿ ತುಂಬಿ ಹೊಲಿದ ಮೇಲೂ ನೆಟ್ಟಗಾಗದ ಜುಟ್ಟು, ಇರ್ಲಿ ಬಿಡೇ, ತಲೆಹರಟೆ ಕೋಳಿ ಅಂತ ದೂರದಿಂದ್ಲೇ ಗೊತ್ತಾಗ್ಲಿ ಅಂದಿದ್ದ ಅಪ್ಪ — ಬಸ್ಸಿನಿಂದ ಇಳಿದವರು ನೋಡಿ ನಗುತ್ತಾರೆ, ಒಂದು ಮಗು ಬಾಲ ಎಳೆಯುತ್ತದೆ, ಕೋಳಿ ತಿರುಗಿ ಕುಣಿಯುತ್ತದೆ. ಅಪ್ಪ ಸತ್ತು ತಿಂಗಳ ಮೇಲಾಯಿತು. ಗೊತ್ತಿದೆ, ನನಗೇನು ಗೊತ್ತಿಲ್ಲವೇ, ಮಣ್ಣು ಹಾಕಿದ ಕೈ ಇದೇ, ಆದರೂ ಆ ಕೋಳಿವೇಷ ಕಳಚುವ ತನಕ ಒಳಗಿರುವುದು ಅಪ್ಪನೇ ಅಂದುಕೊಂಡರೆ ಯಾರ ಗಂಟು ಹೋಗುತ್ತದೆ, ಊಟದ ಹೊತ್ತಿಗೆ ಅದು ಒಳಗೆ ಬರುತ್ತದೆ, ಅಷ್ಟರಲ್ಲಿ ಎದ್ದು ಹೋದರಾಯಿತು, ನೋಡದೆ ಹೋದರಾಯಿತು, ನಾನು ಬಂದದ್ದು ಅಪ್ಪನ ಚಪ್ಪಲಿಗೆ, ಕೌಂಟರಿನ ಕೆಳಗೆ ಉಳಿದಿದ್ದವು, ಈಗ ಚೀಲದಲ್ಲಿ ನನ್ನ ಪಾದಕ್ಕೆ ತಾಗುತ್ತಿವೆ, ಎದ್ದರಾಯಿತು — ಕೂತ್ಕೋ ಕೋಳಿಮರಿ, ಎಲ್ಲಿಗೆ ಓಡ್ತೀಯ, ನಿಮ್ಮಪ್ಪ ದುಡಿದ ಅಂಗಡಿಯಿಂದ ಬರೀ ಹೊಟ್ಟೇಲಿ ಕಳಿಸ್ತೀನಾ, ಅಂತ ಸಪ್ಲೈಯರ್ ಮಾವ ಭುಜ ಒತ್ತಿ ಕೂರಿಸಿದ, ಕಾಗದ ಹಾಸಿದ ಬುಟ್ಟಿ ತಂದಿಟ್ಟ, ಕರಿದ ಕೋಳಿಯ ಎರಡು ಕಾಲು, ಪಕ್ಕದಲ್ಲಿ ಒಂದು ಬರ್ಗರ್, ಸಾಸಿನ ಬಾಟಲಿಯ ಬಾಯಿ ಒರೆಸಿ ನನ್ನ ಕಡೆ ತಿರುಗಿಸಿದ, ಗಿರಾಕಿಗೆ ಮಾಡುವ ಹಾಗೆ. ನಾನು ಈ ಕಡೆ ಯಾವತ್ತೂ ಕೂತವಳಲ್ಲ. ನನ್ನ ಜಾಗ ಹಿಂಬಾಗಿಲ ಮೆಟ್ಟಿಲು, ಸಿಲಿಂಡರುಗಳ ಪಕ್ಕ, ಅಲ್ಲಿ ಅಪ್ಪ ವೇಷವನ್ನು ಸೊಂಟದ ತನಕ ಇಳಿಸಿಕೊಂಡು ಕೂರುತ್ತಿದ್ದ, ಮೇಲರ್ಧ ಮನುಷ್ಯ ಕೆಳಗರ್ಧ ಹುಂಜ, ನೋಡೇ ಮರಿ, ತನ್ನ ನೆಂಟರನ್ನ ತಿನ್ರೀ ಬನ್ರೀ ಅಂತ ತಾನೇ ಕರೆಯೋ ಕೋಳಿ ಲೋಕದಲ್ಲಿ ನಾನೊಬ್ನೇ ಅನ್ನುತ್ತಿದ್ದ, ದಿನಾ ಅದೇ ಜೋಕು, ದಿನಾ ನಗುತ್ತಿದ್ದೆ. ಸ್ಕೂಲಿನಲ್ಲಿ ಹುಡುಗಿಯರು ನನ್ನ ಬೆನ್ನ ಹಿಂದೆ ಕೊಕ್ಕೊಕ್ಕೋ ಅನ್ನುತ್ತಿದ್ದರು, ಅದಕ್ಕೇ ಸ್ಕೂಲು ಬಿಟ್ಟಳು ಅಂತಾರೆ ಜನ, ಅದಕ್ಕಲ್ಲ, ಪಕ್ಕದ ಬೀದಿಯ ಟೈಲರಿನ ಹತ್ತಿರ ಒಂದು ಮಿಷನ್ನು ಖಾಲಿ ಇತ್ತು, ಮನೆಯಲ್ಲಿ ಒಲೆ ಖಾಲಿ ಇತ್ತು, ಅಷ್ಟೇ.

ಕಾಲು ಕಚ್ಚಿದೆ, ಮೇಲಿನ ಹಿಟ್ಟು ಕರಕರ ಮುರಿಯಿತು, ಬಿಸಿ ಎಣ್ಣೆ, ಮೆಣಸು — ಅಯ್ಯೋ ಇದು ಅಪ್ಪನ ಕುತ್ತಿಗೆಯ ವಾಸನೆ, ಚಿಕ್ಕವಳಿದ್ದಾಗ ಹೆಗಲ ಮೇಲೆ ಮಲಗಿ ಮನೆಗೆ ಹೋಗುವಾಗಿನ ವಾಸನೆ, ನುಂಗಲಾರೆ, ಉಗುಳಲಾರೆ, ತುತ್ತು ಕೆನ್ನೆಯಲ್ಲೇ ನಿಂತಿದೆ, ಕೌಂಟರಿನಿಂದ ಮಾಲೀಕರು, ಏನಮ್ಮಾ ಬಿಸಿ ಇದ್ಯಾ, ಬೇಜಾರು ಮಾಡ್ಕೋಬೇಡ, ಅಜ್ಜಿ ಕೋಳಿ ಕೂಗದಿದ್ರೂ ಬೆಳಗಾಗ್ಲೇಬೇಕಲ್ಲ, ಅಂಗಡಿ ಮುಂದೆ ಬಣಬಣ ಅಂತಿತ್ತು, ಅದಕ್ಕೇ ವೇಷಕ್ಕೆ ಇವನನ್ನ ಹಾಕ್ದೆ. ಹೂಂ ಅಂದೆ. ಹಿಂದಿನ ಟೇಬಲ್ಲಿನಲ್ಲಿ ಒಂದು ಹುಡುಗಿ ಅಮ್ಮನನ್ನು ಕೇಳುತ್ತಿದ್ದಾಳೆ, ಈ ಕೋಳಿ ಯಾಕಮ್ಮ ಬೀಳಲ್ಲ, ಮುಂಚೆ ಬೀಳ್ತಿತ್ತಲ್ಲ, ಸುಮ್ನೆ ತಿನ್ನೇ, ಇಲ್ಲಮ್ಮ ಬೀಳ್ತಿತ್ತು, ಢಂ ಅಂದ್ರೆ ಸಾಕು ಬೀಳ್ತಿತ್ತು — ಬೀಳುತ್ತಿತ್ತು, ಹೌದು ಪುಟ್ಟಿ, ಮಕ್ಕಳು ಬೆರಳು ತೋರಿಸಿ ಢಂ ಅಂದರೆ ಅಪ್ಪ ದೊಪ್ಪನೆ ಅಂಗಾತ ಬಿದ್ದು ಕಾಲು ಮೇಲೆ ಮಾಡುತ್ತಿದ್ದ, ಚಪ್ಪಾಳೆ ಹೊಡೆದರೆ ಎದ್ದು ಕುಣಿಯುತ್ತಿದ್ದ, ಆ ದಿನವೂ ಬಿದ್ದ, ಯಾರೂ ಢಂ ಅಂದಿರಲಿಲ್ಲವಂತೆ, ಆದರೂ ಮಕ್ಕಳು ಚಪ್ಪಾಳೆ ಹೊಡೆದರಂತೆ, ಏಳಲಿಲ್ಲ ಅಂತ ಇನ್ನೂ ಜೋರಾಗಿ ಹೊಡೆದರಂತೆ, ಬೀದಿಯವರೂ ಸೇರಿ ಹೊಡೆದರಂತೆ, ನಾನೂ ಅಂಗಡಿ ಒಳಗಿಂದ ನೋಡಿ ನಕ್ಕೆ ಕಣೇ ಮರಿ, ಅಂತ ಸಪ್ಲೈಯರ್ ಮಾವ ನಮ್ಮ ಹೊಸ್ತಿಲಲ್ಲಿ ಕೂತು ಮಗುವಿನ ಹಾಗೆ ಅತ್ತ. ಜಿಪ್ಪನ್ನು ಯಾರೂ ಎಳೆಯಲಿಲ್ಲ. ತಲೆ ಮೈ ಎರಡೂ ಒಂದೇ ಆ ವೇಷದಲ್ಲಿ, ಕುತ್ತಿಗೆಯಿಂದ ಸೊಂಟದ ತನಕ ಬೆನ್ನಿಗೆ ಒಂದೇ ಜಿಪ್ಪು, ರೆಕ್ಕೆಯೊಳಗಿನ ಕೈಗೆ ಅದು ಸಿಗುವುದಿಲ್ಲ, ಹೊರಗಿನಿಂದ ಒಬ್ಬರು ಎಳೆಯಬೇಕು, ದಿನಾ ಊಟದ ಹೊತ್ತಿಗೆ ಟೈಲರ್ ಅಂಗಡಿಯಿಂದ ಓಡಿ ಬಂದು ನಾನೇ ಎಳೆಯುತ್ತಿದ್ದೆ, ಉಸ್ಸಪ್ಪಾ ಹುಟ್ಟಿದೆ ಕಣೇ ಅನ್ನುತ್ತಿದ್ದ, ಮೊಟ್ಟೆಯಿಂದ ಬಂದವನ ಹಾಗೆ ಕೆಂಪಗೆ, ಒದ್ದೆಯಾಗಿ — ಆ ದಿನ ಊಟದ ಹೊತ್ತು ಇನ್ನೂ ಆಗಿರಲಿಲ್ಲ.

ಬಾಗಿಲು ಕಿರ್ರೆಂದಿತು. ಕೋಳಿ ಒಳಗೆ ಬಂತು. ನಾನು ಎದ್ದಿಲ್ಲ, ಯಾಕೆ ಎದ್ದಿಲ್ಲ, ಏಳೇ, ಚೀಲ ಹಿಡಿದುಕೋ, ಬಾಗಿಲು ಈ ಕಡೆ, ಕೋಳಿ ಟೇಬಲ್ಲುಗಳ ನಡುವೆ ಪುಟ್ಟಿಗೆ ರೆಕ್ಕೆ ಆಡಿಸಿ ನನ್ನ ಹತ್ತಿರವೇ ನಿಂತು ಬೆನ್ನು ತಿರುಗಿಸಿತು, ಯಾರಾದ್ರೂ ಎಳೀರಪ್ಪಾ, ಬೆಂದ್ಹೋಗ್ತಿದೀನಿ ಒಳಗೆ — ತೆಳ್ಳನೆಯ ದನಿ, ಕೇಳಬಾರದಿತ್ತು ಆ ದನಿ, ಸಪ್ಲೈಯರ್ ಮಾವನ ಎರಡು ಕೈಯಲ್ಲೂ ಬುಟ್ಟಿ, ಅವನು ನನ್ನ ಮುಖ ನೋಡಿದ, ಬೇಡ ಮರಿ, ನೀನು ಬೇಡ, ತಾಳು ನಾನೇ ಬಂದೆ ಅಂದ, ಅವನು ಬರುವ ತನಕ ಇದು ಅಪ್ಪನೇ, ಬರದಿದ್ದರೆ ಇನ್ನೂ ಸ್ವಲ್ಪ ಹೊತ್ತು ಅಪ್ಪನೇ, ಬಿಳಿ ಗರಿಗಳ ನಡುವೆ ಜಿಪ್ಪು, ಬೇಗಾ, ಉಸಿರು ಕಟ್ತಿದೆ, ಅಂತು ಕೋಳಿ — ನನ್ನ ಕೈ ಆಗಲೇ ಎದ್ದಿದೆ, ಎಣ್ಣೆಗೈ, ಲಂಗಕ್ಕೆ ಒರೆಸಿಕೊಂಡೆ, ಎಡಗೈಯಲ್ಲಿ ಬಟ್ಟೆ ಒತ್ತಿ ಬಲಗೈಯಲ್ಲಿ ಎಳೆದೆ, ಅರ್ಧಕ್ಕೆ ಸಿಕ್ಕಿಕೊಂಡಿತು, ಎಳೆ, ಎಳೆಯೇ, ಯಾರೂ ಚಪ್ಪಾಳೆ ಹೊಡೆಯಬೇಡಿ, ಎಳೆದೆ, ಜಿಪ್ಪು ಸರ್ರೆಂದು ಸೊಂಟದ ತನಕ ಇಳಿಯಿತು, ಕೋಳಿಯ ತಲೆ ಮುಂದಕ್ಕೆ ಬಿತ್ತು, ಒದ್ದೆ ಬನಿಯನ್ನು, ಎಳೆಯ ಕುತ್ತಿಗೆ, ಯಾರದೋ, ಥ್ಯಾಂಕ್ಸ್ ಅಕ್ಕ ಅನ್ನುತ್ತಿದೆ ಯಾರದೋ ಬಾಯಿ, ನನ್ನ ಅಂಗೈ ಇನ್ನೂ ಅಲ್ಲೇ ಇದೆ, ತೆಗೆಯಲು ಬರುತ್ತಿಲ್ಲ, ಅಂಗೈ ಕೆಳಗೆ ಬೆನ್ನು, ಯಾರದೋ ಬೆನ್ನು, ಏರುತ್ತಿದೆ, ಇಳಿಯುತ್ತಿದೆ, ಏರುತ್ತಿದೆ —