ರಾಣಿಯ ಸುರುಳಿ

ಅಂದು ಬೆಳಿಗ್ಗೆ ಥೇಮ್ಸ್ ನದಿಯ ಮಂಜು ಕಲ್ಲಿದ್ದಲ ಹೊಗೆಯೊಡನೆ ಬೆರೆತು ಓಣಿಗಿಳಿದಿತ್ತು. ಇಗರ್ಜಿಯ ಗಂಟೆ ಕೇಳಿಸುತ್ತಿತ್ತು, ಗೋಪುರ ಕಾಣುತ್ತಿರಲಿಲ್ಲ. ಎಡ್ಮಂಡ್ ಪೆಲ್ ಪ್ರಾರ್ಥನೆ ಮುಗಿಸಿ, ಎಂದಿನಂತೆ ನುಣ್ಣಗೆ ಗಡ್ಡ ಹೆರೆದುಕೊಂಡ. ಆಮೇಲೆ ನೆನಪಾಯಿತು: ಇವತ್ತಿನಿಂದ ಅದು ಬೇಕಿಲ್ಲ, ರಾಣಿಯ ಪಾತ್ರ ಇನ್ನು ತನ್ನದಲ್ಲ.

ರಂಗಮಂದಿರದ ಬಾಗಿಲಲ್ಲೇ ಹಂಫ್ರಿ ಕ್ರೋಲ್ ಅವನನ್ನು ತಡೆದ. ಮರೆಯಲ್ಲಿ ನಿಂತು ನಟರಿಗೆ ಮಾತು ನೆನಪಿಸುವ ಮುದುಕ.

"ಏನಮ್ಮಾ ಮಹಾರಾಣಿ, ಇನ್ನಾದ್ರೂ ಗಡ್ಡ ಬಿಡು. ಯಾರೂ ಬೇಡ ಅನ್ನಲ್ಲ. ಎಲ್ಲಿ ಸುರುಳಿ?"

"ಮನೇಲಿದೆ."

"ನಿನ್ನೇನೂ ಮನೇಲೇ ಇತ್ತು."

ಆ ಕಾಗದದ ಸುರುಳಿ ಅಂಗಿಯೊಳಗೆ ಎದೆಗೆ ಒತ್ತುತ್ತಿತ್ತು. ಅದರಲ್ಲಿ ರಾಣಿಯ ಮಾತುಗಳು, ಎದುರಿನವರ ಮಾತಿನ ಕೊನೆಯ ಮೂರು ಪದಗಳು, ಅಷ್ಟೇ. ಇಡೀ ನಾಟಕವನ್ನು ಯಾವ ನಟನಿಗೂ ಕೊಡುತ್ತಿರಲಿಲ್ಲ. ಪಾತ್ರ ಬಿಟ್ಟವನು ಸುರುಳಿಯನ್ನು ಮುಂದಿನವರ ಕೈಗಿಡಬೇಕು. ಲ್ಯಾಟಿನ್ ಓದಿದವನು ಎಡ್ಮಂಡ್. ಆದರೂ ಬದುಕಿನಲ್ಲಿ ಜನರ ಕೊನೆಯ ಮೂರು ಪದಗಳನ್ನಷ್ಟೇ ಕೇಳಿಸಿಕೊಂಡೆನೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ನಾಟಕಕ್ಕೆ ನಿಷೇಧವಿದ್ದ ವರ್ಷಗಳಲ್ಲಿ, ಹೆಂಡದಂಗಡಿಯ ಹಿಂಗೋಣೆಯಲ್ಲಿ, ಗುರು ಜರ್ವಾಸ್ ಅವನಿಗೆ ಈ ರಾಣಿಯನ್ನು ಕಲಿಸಿದ್ದ. ಸುರುಳಿಯಲ್ಲಿ ರಾಣಿಯ ಕೊನೆಯ ಮಾತಿನ ಪಕ್ಕದಲ್ಲಿ ಗುರುವಿನ ಕೈಬರಹವಿತ್ತು: 'ಮೂರು ಉಸಿರು ತಡೆ.' ಆ ಮೂರು ಉಸಿರಿಗೆ ಸಭೆ ಅಳುತ್ತಿತ್ತು. ಗುರು ಸತ್ತ. ದೇಶ ಬಿಟ್ಟಿದ್ದ ಅರಸ ಮರಳಿ ಬಂದ, ನಾಟಕವೂ ಮರಳಿತು. ಹೆಣ್ಣಿನ ಪಾತ್ರ ಹೆಣ್ಣೇ ಮಾಡಲಿ ಎಂದಾಯಿತು. ರಾಣಿಯ ಪಾತ್ರಕ್ಕೆ ಬಂದ ಡೊರೊತಿ ವೇಲ್‌ಗೆ ಎಡ್ಮಂಡ್ ಎಲ್ಲವನ್ನೂ ಬಾಯಿಂದಲೇ ಕಲಿಸಿದ, ಆ ಮೂರು ಉಸಿರನ್ನೊಂದು ಬಿಟ್ಟು.

ಒಳಗೆ ವೇಷದ ಕೋಣೆಯಲ್ಲಿ ಅವಳು ಉದ್ದ ಲಂಗ ಎತ್ತಿ ಹಿಡಿದು ನಡೆದು ತೋರಿಸಿದಳು. "ಹೀಗಾ, ಗುರುಗಳೇ?"

"ನಿಧಾನ. ಹೆಂಗಸರು ಹಾಗೆ ನಡೆಯಲ್ಲ."

ಡೊರೊತಿ ನಕ್ಕುಬಿಟ್ಟಳು. "ಹುಟ್ಟಿದಾಗಿನಿಂದ ತಪ್ಪೇ ನಡೀತಿದೀನಿ ಅನ್ನಿ!" ಮತ್ತೆ ನಗು ಇಳಿಯಿತು. "ಜನಕ್ಕೆ ರಾಣಿ ಅಂದ್ರೆ ನೀವೇ. ಇವತ್ತು ಕೆಟ್ರೆ ಮತ್ತೆ ಕರೆಯಲ್ಲ ಅಂದಿದಾರೆ ಯಜಮಾನರು. ಇನ್ನೇನೂ ಬಾಕಿ ಇಲ್ಲ ತಾನೆ?"

"ಇಲ್ಲ."

ಅವಳ ಕಿವಿಯ ಹಿಂದೆ ಬಿಳಿ ಬಣ್ಣ ಸರಿಯಾಗಿ ಹತ್ತಿರಲಿಲ್ಲ. ಬೆರಳಿನಿಂದ ತೀಡಿದ. ತಂಗಿಯೊಬ್ಬಳಿದ್ದಿದ್ದರೆ ಹೀಗೇ ಕತ್ತು ಬಗ್ಗಿಸಿ ನಿಲ್ಲುತ್ತಿದ್ದಳೇನೋ.

ಮಧ್ಯಾಹ್ನ ಮೂರಕ್ಕೆ ನಾಟಕ ಶುರುವಾಯಿತು. ಎಡ್ಮಂಡ್‌ನದು ಈಗ ದೂತನ ಪಾತ್ರ, ನಾಲ್ಕು ಸಾಲು. ರಾಣಿ ಸತ್ತ ಮೇಲೆ ಅರಸನ ಕ್ಷಮಾಪತ್ರ ತಂದು ಅವಳ ಕೈಗಿಡಬೇಕು. ಪತ್ರ ಹಿಡಿದು ಮರೆಯಲ್ಲಿ ನಿಂತ.

ರಾಣಿ ವಿಷ ಕುಡಿದಳು. ಮುಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹಾಕಿದರು. "ನಮ್ಮ ಪೆಲ್ ಇದಕ್ಕಿಂತ ಚೆಂದ ಇದ್ದ!" ಸಭೆ ನಕ್ಕಿತು.

ಡೊರೊತಿ ಬಾಯಿ ತೆರೆದವಳು ನಿಂತುಬಿಟ್ಟಳು. ಹಂಫ್ರಿ ಮರೆಯಿಂದ ಮಾತು ಪಿಸುಗುಟ್ಟಿದ. ಅವಳು ಅತ್ತ ತಿರುಗಲಿಲ್ಲ.

ಎಡ್ಮಂಡ್ ತನಗರಿವಿಲ್ಲದೆ ಎಣಿಸಿದ. ಒಂದು. ಎರಡು. ಮೂರು.

ಅವಳು ಮಾತಾಡಲಿಲ್ಲ. ಐದು. ಏಳು. ಸಿಳ್ಳೆ ಹಾಕಿದವನು ಟೋಪಿ ತೆಗೆದ. ಎಲ್ಲೋ ಮೇಲಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಆಗ ಬಂತು ಕೊನೆಯ ಮಾತು, ಸಣ್ಣ ಒಡೆದ ದನಿಯಲ್ಲಿ. ಅವನು ಯಾವತ್ತೂ ಹಾಗೆ ಹೇಳಿರಲಿಲ್ಲ. ಗುರುವೂ ಹೇಳಿರಲಿಲ್ಲ.

ಇಷ್ಟು ದಿನ ಎದೆಯಲ್ಲಿ ಕಾದದ್ದು ಬರೀ ಕಾಗದ. ದೇವರೇ, ಎಂದುಕೊಂಡ, ಮುಂದಿನ ಪ್ರಾರ್ಥನೆ ಹೊಳೆಯಲಿಲ್ಲ.

ರಂಗಕ್ಕೆ ಹೋಗಿ, ಸತ್ತು ಬಿದ್ದಿದ್ದ ರಾಣಿಯ ಪಕ್ಕ ಮಂಡಿಯೂರಿದ. ಕ್ಷಮಾಪತ್ರವನ್ನು ನೆಲದ ಮೇಲಿಟ್ಟ. ಅಂಗಿಯೊಳಗೆ ಕೈ ಹಾಕಿ, ಮೈಬಿಸಿಗೆ ಬೆವೆತಿದ್ದ ಸುರುಳಿಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಸಭೆ ಅವನ ನಾಲ್ಕು ಸಾಲಿಗೆ ಕಾಯುತ್ತಿತ್ತು.

ಸತ್ತ ರಾಣಿಯ ಬೆರಳುಗಳು ಮೆಲ್ಲನೆ ಮುಚ್ಚಿಕೊಂಡವು.