ಒಂಟಿ ಕಾಲುಚೀಲ ಮತ್ತು ಇಡೀ ಬಾದಾಮಿ

ಕ್ರಿಸ್‌ಮಸ್ ಮರಕ್ಕೆ ಕಾಗದದ ಹೃದಯಗಳನ್ನು ತೂಗುಹಾಕುತ್ತ ಮೊಮ್ಮಗಳು ಟೂವಾ ಆಡಿದ ಮಾತು ಎಸ್ಕಿಲ್ಡ್ ಅಜ್ಜನ ಎದೆಗೆ ನಾಟಿಬಿಟ್ಟಿತ್ತು.

"ಈ ಸಲ ಆ ಒಂಟಿ ಕಾಲುಚೀಲದ ಕಥೆ ಬೇಡ ಅಜ್ಜ. ನಾನೇನು ಚಿಕ್ಕ ಮಗುವಾ?"

ಡೆನ್ಮಾರ್ಕಿನ ಹಳೇ ಕಾಲದ ಆ ಕಥೆಯನ್ನು ಅಜ್ಜನಿಗೆ ಅವನಜ್ಜಿ ಹೇಳಿದ್ದಳು, ಅವಳಿಗೆ ಅವಳಜ್ಜಿ. ಓಡೆನ್ಸೆ ಪಟ್ಟಣದ ಅವರ ಮನೆಯಲ್ಲಿ ಹಬ್ಬದೂಟಕ್ಕೆ ಅನ್ನದ ಪಾಯಸ ಬಂತೆಂದರೆ ಕಥೆಯೂ ಬರಲೇಬೇಕು. ಇನ್ನು ತನ್ನ ಜೊತೆಗೇ ಅದು ಮುಗಿದುಹೋಗುತ್ತದಲ್ಲ ಎಂದು ಅಜ್ಜನಿಗೆ ನಿಜಕ್ಕೂ ಸಂಕಟವಾಯಿತು. ಹಾಗೆಂದು ಹುರಿದ ಬಾತುಕೋಳಿಯನ್ನು ಮತ್ತೊಮ್ಮೆ ಬಡಿಸಿಕೊಳ್ಳುವುದನ್ನೇನೂ ಬಿಡಲಿಲ್ಲ.

ಪಾಯಸ ಬಂತು, ಮೇಲೆ ಬಿಸಿ ಚೆರ್ರಿ ರಸ. ಅದರೊಳಗೆ ಎಲ್ಲೋ ಒಂದೇ ಒಂದು ಇಡೀ ಬಾದಾಮಿ. ಅದು ಸಿಕ್ಕವರು ಪಾತ್ರೆ ಬರಿದಾಗುವ ತನಕ ಬಾಯಲ್ಲೇ ಬಚ್ಚಿಟ್ಟುಕೊಂಡು, ಉಳಿದವರು ಹೊಟ್ಟೆ ಬಿರಿಯೆ ತಿನ್ನುವುದನ್ನು ನೋಡಿ ಒಳಗೊಳಗೇ ನಗಬೇಕು. ಅಷ್ಟರೊಳಗೆ ಸಿಕ್ಕಿಬಿದ್ದರೆ, ಬಹುಮಾನಕ್ಕಿಟ್ಟ, ಸಕ್ಕರೆ-ಬಾದಾಮಿ ಹಿಟ್ಟಿನಲ್ಲಿ ಮಾಡಿದ ಸಿಹಿ ಹಂದಿ ಅವರನ್ನು ಪತ್ತೆಹಚ್ಚಿದವರ ಪಾಲು. ಈ ಸಲ ಬಾದಾಮಿ ಅಜ್ಜನ ಹಲ್ಲಿಗೇ ತಗುಲಿತು. ಮೆಲ್ಲಗೆ ದವಡೆಗೆ ಒತ್ತರಿಸಿಕೊಂಡ.

"ಏನ್ರೀ, ಕಥೆ ಶುರು ಮಾಡಿ," ಎಂದಳು ಹೆಂಡತಿ ಬೆನೆಡಿಕ್ಟೆ.

ಅಜ್ಜ ಆಗದೆಂದು ತಲೆಯಲ್ಲಾಡಿಸಿದ.

"ಯಾಕೆ, ಹುಷಾರಿಲ್ವಾ?"

ಮತ್ತೆ ತಲೆಯಲ್ಲಾಡಿಸಿದ. ಬೆನೆಡಿಕ್ಟೆ ಮೊಮ್ಮಗಳ ಕಡೆ ತಿರುಗಿದಳು. "ನೋಡು, ನಿನ್ನ ಮಾತಿಗೆ ಮುಖ ಊದಿಸ್ಕೊಂಡು ಕೂತಿದಾರೆ."

ಮುಖ ಊದಿದ್ದೇನೋ ನಿಜ, ಒಂದು ಕಡೆ ಮಾತ್ರ.

ಟೂವಾ ಅಜ್ಜನನ್ನೇ ದಿಟ್ಟಿಸಿದಳು. ಚಮಚ ಕೆಳಗಿಟ್ಟಳು. "ಸರಿ, ನಾನೇ ಹೇಳ್ತೀನಿ. ಒಂದೂರಲ್ಲಿ ಒಂದು ಕಾಲುಚೀಲ ಇತ್ತು. ಒಣಗಾಕಿದ್ದಾಗ ಗಾಳಿ ಬಂದು ಅದರ ಜೋಡಿನ ಹೊತ್ಕೊಂಡು ಹೋಯ್ತು..."

ಗಾಳಿ ಬೀಸುವಲ್ಲಿ ಅಜ್ಜನಂತೆಯೇ ಕೆನ್ನೆಯುಬ್ಬಿಸಿದಳು. ಕಾಲುಚೀಲ ಅಳುವಲ್ಲಿ ಅವನಂತೆಯೇ ದನಿ ಇಳಿಸಿದಳು. ಹುಡುಗಿಗೆ ಪ್ರತಿ ಮಾತೂ ಬಾಯಿಪಾಠ! ಅಜ್ಜನಿಗೆ ಪಾಯಸ ಮರೆತುಹೋಯಿತು, ಕಣ್ಣು ತುಂಬಿ ಬಂತು.

"ಕೊನೆಗೆ ಹೊಲದ ಬೆದರುಬೊಂಬೆ ಕಾಲಲ್ಲಿ ಜೋಡಿ ಸಿಕ್ತು. ಅದೇ ಕೆಂಪು ಬಣ್ಣ..."

"ನೀಲಿ! ನೀಲಿ ಕಣೇ!"

ಬಾದಾಮಿ ಹಾರಿ ಟಣ್ಣನೆ ಬೆನೆಡಿಕ್ಟೆಯ ತಟ್ಟೆಗೆ ಬಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ನೀಲಿ ಅಂತ ನಂಗೊತ್ತಿಲ್ವಾ ಅಜ್ಜ?" ಟೂವಾ ಸಿಹಿ ಹಂದಿಯನ್ನು ತನ್ನ ಕಡೆ ಎಳೆದುಕೊಂಡಳು. "ನಿನ್ನ ದವಡೆ ನೋಡ್ದಾಗ್ಲೇ ಕಳ್ಳ ಯಾರು ಅಂತ ಗೊತ್ತಾಯ್ತು."

"ಅಯ್ಯೋ ಪಾಕಡಾ!" ಎಂದ ಅಜ್ಜ, ಕಣ್ಣೊರೆಸಿಕೊಳ್ಳುತ್ತ.

ಅವಳು ಹಂದಿಯ ಕಿವಿ ಮುರಿದು ಅವನ ತಟ್ಟೆಗಿಟ್ಟಳು. ಆಮೇಲೆ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಈಗ ಬಾಯಿ ಖಾಲಿ ಇದೆಯಲ್ಲ, ನೀನೇ ಹೇಳು. ಮೊದಲಿಂದ."