ಕಾಡುಚಾಣದ ರೆಕ್ಕೆ

ಅಣ್ಣ "ಆಗಲಿ ಸರ್" ಅಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಅಣ್ಣ ವಸ್ತುಸಂಗ್ರಹಾಲಯದಲ್ಲಿ ಸತ್ತ ಹಕ್ಕಿಗಳ ಚರ್ಮಕ್ಕೆ ತಂತಿ, ಹತ್ತಿ ತುಂಬಿ ನಿಲ್ಲಿಸುವವನು. ಅವುಗಳ ಹಿಂದಿನ ಗೋಡೆಗೆ ಕಾಡು, ಕೆರೆ ಬರೆಯುವವಳು ನಾನು. ಕಾಡಿನಂಚಿನ ಕಟ್ಟಡವೊಂದರ ಕಿಟಕಿ ಗಾಜಿಗೆ ಬಡಿದು ಸತ್ತ ಕಾಡುಚಾಣ, ಗಿಡುಗನಂಥ ಬೇಟೆ ಹಕ್ಕಿ, ನಮ್ಮ ಕೈಗೆ ಬಂದಿತ್ತು. ಪಾರಿವಾಳಕ್ಕಿಂತ ಚಿಕ್ಕದು. ಬೂದು ಬೆನ್ನು, ಎದೆಯ ಮೇಲೆ ಸೂಜಿಯಿಂದ ಗೀರಿದಂಥ ಅಡ್ಡಗೆರೆ, ಕಣ್ಣಿನ ಸುತ್ತ ಹಳದಿ ಚರ್ಮ. ಗಿಡ್ಡ ರೆಕ್ಕೆ, ಉದ್ದ ಬಾಲ. ಆ ಜಾತಿಯದು ಸಂಗ್ರಹಾಲಯದಲ್ಲಿ ಇದ್ದದ್ದು ಅದೊಂದೇ.

ಅದು ಬದುಕುವ ರೀತಿ ತಿಳಿಯಲು ನಾವಿಬ್ಬರೂ ಐದು ದಿನ ನಸುಕಿಗೇ ಹೋಗಿ ಕಾಡಿನಲ್ಲಿ ನಿಂತೆವು. ನಾಲ್ಕು ದಿನ ಕೂಗು ಮಾತ್ರ, ಯಾರೋ ಗಂಟಲು ಸರಿಮಾಡಿಕೊಂಡು ಸುಮ್ಮನಾದ ಹಾಗೆ. ಐದನೆಯ ದಿನ ಕಂಡಿತು. ಎಲೆಗಳ ಮರೆಯಲ್ಲಿ ಕದಲದೆ ಕೂತಿದ್ದು, ಓತಿಕ್ಯಾತದ ಹಿಂದೆ ಕೊಂಬೆಯ ಮೇಲೆ ಕೋಳಿಯಂತೆ ಓಡಿತು. ಹಾರಲೇ ಇಲ್ಲ. ಅಣ್ಣ ನಮ್ಮ ಹಕ್ಕಿಯನ್ನು ಹಾಗೇ ಕೂರಿಸಿದ್ದ, ರೆಕ್ಕೆ ಮುಚ್ಚಿ, ಕತ್ತು ತುಸು ಓರೆ ಮಾಡಿ.

ಸಂಗ್ರಹಾಲಯದ ಮುಖ್ಯಸ್ಥರು ನೋಡಿ ನಕ್ಕರು. "ಇದೇನ್ರೀ, ನಿದ್ದೆಗೆಟ್ಟ ಪಾರಿವಾಳ? ಬೇಟೆ ಹಕ್ಕಿ ಅಂದ್ರೆ ರೆಕ್ಕೆ ಬಿಚ್ಚಿ ಮೇಲೆರಗಬೇಕು. ಹಿಂದೆ ನೀಲಿ ಆಕಾಶ ಬರೀರಿ."

"ಇದು ಆಕಾಶಕ್ಕೆ ಹೋಗೋದೇ ಇಲ್ಲ ಸರ್," ಅಂದೆ. "ಮರಗಳ ಸಂದೀಲಿ ತೂರೋಕೆ ರೆಕ್ಕೆ ಗಿಡ್ಡ, ತಿರುಗೋಕೆ ಬಾಲ ಉದ್ದ."

"ನೋಡೋಕೆ ಬರೋರಿಗೆ ಅದೆಲ್ಲ ಏನು ಗೊತ್ತಾಗುತ್ತಮ್ಮ?"

ಆಗಲೇ ಅಣ್ಣ ಆಗಲಿ ಅಂದದ್ದು.

ನಮ್ಮಮ್ಮ ಬೆಳಗ್ಗೆ ಪದ್ಯ ಹೇಳುವಾಗ ಒಂದಕ್ಷರ ತಪ್ಪಿದರೂ ಮೊದಲಿನಿಂದ ಶುರು ಮಾಡುತ್ತಿದ್ದಳು. ದೇವರ ಮುಂದೆ ಅಂದಾಜಿನ ಮಾತು ಸಲ್ಲದು ಅನ್ನುತ್ತಿದ್ದಳು. ನನ್ನ ಪಕ್ಕದಲ್ಲೇ ಕೂತು ಅದನ್ನು ಕೇಳಿ ಬೆಳೆದವನು ಇವನು.

ಒಣಗಿದ ಚರ್ಮ ಮೆತ್ತಗಾಗಲೆಂದು ಅಣ್ಣ ಹಕ್ಕಿಗೆ ಒದ್ದೆ ಬಟ್ಟೆ ಸುತ್ತಿಟ್ಟ. ಮರುದಿನ ಬಿಚ್ಚಲೆಂದು ಎಡರೆಕ್ಕೆ ಎಳೆದ. ಹೆಗಲ ಬಳಿ ಚರ್ಮ ಹಳೇ ಕಾಗದದಂತೆ ಪರ್ರೆಂದು ಹರಿಯಿತು. ಅವನು ಗೋಂದಿನ ಡಬ್ಬಿಗೆ ಕೈ ಹಾಕಿದ.

"ಕಂಡ ಹಕ್ಕಿಗೆಲ್ಲ ಬೆನ್ನಿಗೆ ತಂತಿ ಹಾಕ್ತೀಯಲ್ಲ," ಅಂದೆ. "ನಿನ್ನ ಬೆನ್ನಿಗೆ ಯಾರಣ್ಣ ಹಾಕೋದು?"

ಅವನ ಕೈ ನಿಂತಿತು. "ಬಾಯಿ ಮುಚ್ಚು."

"ಮುಚ್ಚಲ್ಲ. ಗಾಜು ಒಂದು ಸಲ ಕೊಂದಿತು. ನೀನು ಎರಡನೇ ಸಲ ಕೊಲ್ತಿದ್ದೀಯ. ಗಾಜಿಗಾದ್ರೂ ಕಣ್ಣಿರಲಿಲ್ಲ."

ಅವನು ಗೋಂದು ಪಕ್ಕಕ್ಕಿಟ್ಟು ಸೂಜಿಗೆ ದಾರ ಪೋಣಿಸಿದ. ರೆಕ್ಕೆಯನ್ನು ಮೊದಲಿನಂತೆ ಮಡಚಿ ಹೊಲಿದ.

"ಹೊಲಿಗೆ ಕಾಣುತ್ತೆ," ಅಂದ ತಲೆಯೆತ್ತದೆ. "ಮುಂದೆ ಒಂದು ಎಲೆ ಇಡು."

"ಇಡಲ್ಲ. ಕಾಣಲಿ."

ನೀಲಿ ಬಣ್ಣದ ಡಬ್ಬಿಯನ್ನು ನಾನು ತೆರೆಯಲೇ ಇಲ್ಲ. ಎರಡು ದಿನ ಹಲ್ಲು ಕಚ್ಚಿಕೊಂಡು ಹಿಂದಿನ ಗೋಡೆಗೆ ಹಸಿರಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಹಸಿರು ಬಳಿದೆ, ಬೂದು ಹಕ್ಕಿ ಕಾಡಿನ ನೆರಳಲ್ಲಿ ಬೆರೆಯುವವರೆಗೆ.

ಮುಖ್ಯಸ್ಥರು ಬಂದರು. ಪ್ರದರ್ಶನದ ಮುಂದಿನ ಗಾಜಿಗೆ ಮೂಗು ಒತ್ತಿ ಹುಡುಕಿದರು. "ಎಲ್ರೀ ಹಕ್ಕಿ?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಅಂದ: "ನಿಂತು ನೋಡಿ ಸರ್. ನಾವು ಐದು ದಿನ ನಿಂತಿದ್ವಿ."